ಹಳದಿ ದಾರದ ಗಂಟು

ಇಂಡಿಕೇಟರನ್ನು ಎಡಕ್ಕೆ ಒತ್ತಿದರೆ ಬಲಗಡೆಯ ದೀಪ ಮಿಣುಕುತ್ತಿತ್ತು, ಬಲಕ್ಕೆ ಒತ್ತಿದರೆ ಎಡಗಡೆಯದು. ಹೋದ ವಾರವಷ್ಟೇ ಆ ಹಳೆಯ ಬೈಕು ಕೊಂಡಿದ್ದ ಟೀಚರು ಲಾರಿಯೊಂದರಿಂದ ಕೂದಲೆಳೆಯಲ್ಲಿ ಪಾರಾಗಿ, ನೇರ ಮೆಕ್ಯಾನಿಕ್ಕನ ಅಂಗಡಿಗೆ ಬಂದಿದ್ದರು.

ಮೂವತ್ತು ವರ್ಷ ಪಳಗಿದ ಕೈ ಅವನದು. ಬಾಯಿಯೂ ಅಷ್ಟೇ ಪಳಗಿತ್ತು. "ಯಾವ ಅಡ್ಡಕಸುಬಿ ಮುಟ್ಟಿದ್ನೋ ಇದನ್ನ! ಹಸಿರು ವೈರಿಗೆ ಹಸಿರು, ನೀಲಿಗೆ ನೀಲಿ. ಅಷ್ಟೂ ಕಾಣಲ್ವಾ? ಇಂಥೋರ ಕೈಗೆ ಸ್ಪ್ಯಾನರ್ ಕೊಡೋದೇ ತಪ್ಪು," ಎಂದು ಬೈಯುತ್ತಲೇ ಹೆಡ್‌ಲೈಟು ಬಿಚ್ಚಿ, ವೈರುಗಳನ್ನು ಸೇರಿಸಿದ್ದ ಕಡೆ ಸುತ್ತಿದ್ದ ಟೇಪು ಸುಲಿದ.

ಟೇಪಿನಡಿ ಹಳದಿ ದಾರದ ಗಂಟಿತ್ತು. ವೈರು ಅಲುಗದಿರಲೆಂದು ಹಾಗೆ ದಾರ ಬಿಗಿಯುವವನು ಊರಿಗೆಲ್ಲ ಅವನೊಬ್ಬನೇ. ದಾರದ ಉಂಡೆ ಅವನ ಜೇಬಿನಲ್ಲೇ ಇತ್ತು.

ಎರಡೂ ವೈರುಗಳನ್ನು ಬಿಸಿಲಿಗೆ ಹಿಡಿದು ನೋಡಿದ, ಕಣ್ಣುಜ್ಜಿಕೊಂಡು ಮತ್ತೆ ನೋಡಿದ. ಎರಡೂ ಒಂದೇ ಬಣ್ಣ.

"ಯಾರ ಕೆಲಸ ಅಂತ ಗೊತ್ತಾಯ್ತಾ?" ಟೀಚರು ಕೇಳಿದರು.

"ಗೊತ್ತಿರೋನೇ, ಟೀಚರ್. ಕೆಲಸದಲ್ಲಿ ಮೋಸ ಮಾಡೋನಲ್ಲ," ಎಂದವನು ವೈರುಗಳನ್ನು ಅವರತ್ತ ಚಾಚಿದ. "ಸ್ವಲ್ಪ ನೋಡಿ ಹೇಳ್ತೀರಾ, ಇದರಲ್ಲಿ ಹಸಿರು ಯಾವುದು?"