ಸ್ಕ್ಯಾನಿನ ಎಡಗಾಲು

ನಮ್ಮ ಯಜಮಾನರಿಗೆ ಎರಡೂ ತೊಡೆಸಂದು ನೋವು. ನವರಂಗಪುರದಲ್ಲಿ ನಮ್ಮದೊಂದು ಉಡುಪಿ ಹೋಟೆಲು. ದೋಸೆಕಲ್ಲಿನ ಮುಂದೆ ನಿಂತು ನಿಂತು ಬಂದದ್ದೆಂದು ಎಣ್ಣೆ ಹಚ್ಚಿಕೊಂಡೇ ವರ್ಷ ಕಳೆದರು. ಕೊನೆಗೆ ಮಗಳು ತಾನು ಕೆಲಸ ಮಾಡುವ ಸ್ಕ್ಯಾನ್ ಸೆಂಟರಿಗೇ ಕರೆದೊಯ್ದಳು. ಅಲ್ಲಿ ಸಿ.ಟಿ. ಯಂತ್ರ ನಡೆಸುವವಳು ಅವಳೇ.

ದೊಡ್ಡ ಬಳೆಯಂಥ ಆ ಯಂತ್ರ ಕಂಡದ್ದೇ ಇವರು ಹಠ ಹಿಡಿದರು.

"ತಲೆ ಮಾತ್ರ ಅದರೊಳಗೆ ಹಾಕ್ಲಿಕ್ಕೆ ನಾನು ಬಿಡುದಿಲ್ಲ."

"ಪಪ್ಪಾ, ಅದು ಇಡ್ಲಿ ಅಟ್ಟ ಅಲ್ಲ, ಬೇಯುದಿಲ್ಲ."

"ಕಾಲಿನ ಫೋಟೋಕ್ಕೆ ತಲೆ ಎಂತಕ್ಕೆ ಮಾರಾಯ್ತಿ?"

ಅವಳು ನಗುತ್ತಾ ಅವರನ್ನು ತಿರುಗಿಸಿ, ಕಾಲು ಮುಂದಾಗಿ ಮಲಗಿಸಿದಳು.

ಎಡತೊಡೆಯ ಮೂಳೆಯಲ್ಲಿ ಒಂದು ಮಚ್ಚೆ ಇದೆ ಎಂದು ರಿಪೋರ್ಟ್ ಬಂತು. ಸೂಜಿ ಹಾಕಿ ಚೂರು ತೆಗೆದು ನೋಡದೆ ಏನೂ ಹೇಳಲಾಗದು ಎಂದರು ಡಾಕ್ಟರು. ಅಂದಿನಿಂದ ಮನೆಯಲ್ಲಿ ಯಾರೂ ಆ ಕಾಲಿನ ಮಾತೆತ್ತಲಿಲ್ಲ. ಇವರು ನಡೆದಾಡಿದರೆ ಎಲ್ಲರ ಕಣ್ಣೂ ಅದರ ಮೇಲೆಯೇ.

ಸೂಜಿಯ ಹಿಂದಿನ ದಿನ ಬೆಳಿಗ್ಗೆ ಪತ್ರೊಡೆ ಮಾಡಿದ್ದೆ. ಕೆಸುವಿನೆಲೆಗೆ ಹಿಟ್ಟು ಹಚ್ಚಿ, ಸುತ್ತಿ, ಹಬೆಯಲ್ಲಿ ಬೇಯಿಸಿ ಬಿಲ್ಲೆ ಕೊಯ್ಯುವುದು. ಮಗಳು ತಟ್ಟೆಯ ಮುಂದೆ ಕೂತವಳು ಕೈ ಹಾಕಲಿಲ್ಲ.

"ಮಮ್ಮಿ, ಇವತ್ತು ಸುರುಳಿ ಉಲ್ಟಾ ಉಂಟಲ್ಲ?"

"ಎಂತ ಉಲ್ಟಾ? ಆ ತುದಿ ಒಡೆದಿತ್ತು, ಈ ತುದಿಯಿಂದ ಕೊಯ್ದೆ. ತಿನ್ನು ಸುಮ್ಮನೆ."

ಅವಳು ಒಂದು ಬಿಲ್ಲೆಯನ್ನು ಮಗುಚಿದಳು. ಈ ಕಡೆಯಿಂದ ಬಲಕ್ಕೆ ಸುತ್ತಿದ್ದು ಆ ಕಡೆಯಿಂದ ಎಡಕ್ಕೆ. ಮತ್ತೆ ಮಗುಚಿದಳು.

"ಮಶೀನೂ ಹೀಗೇ ಬಿಲ್ಲೆ ಬಿಲ್ಲೆ ತೋರಿಸುದು ಮಮ್ಮಿ. ಯಾವ ತುದಿ ಮೊದಲು ಒಳಗೆ ಹೋಯ್ತು ಅಂತ ಕಂಪ್ಯೂಟರಿಗೆ ನಾವು ಹೇಳ್ಬೇಕು. ಪಪ್ಪನನ್ನು ತಿರುಗಿಸಿದೆ, ಕಂಪ್ಯೂಟರಿಗೆ ಮಾತ್ರ ಹೇಳ್ಲೇ ಇಲ್ಲ."

"ಅಂದ್ರೆ?"

"ಎಡಗಾಲಲ್ಲಿ ಏನೂ ಇಲ್ಲ."

ನಾನು ದೇವರ ಕೋಣೆಯ ಕಡೆ ಕೈ ಮುಗಿದೇಬಿಟ್ಟೆ. ಅವಳು ನನ್ನ ಕೈ ಹಿಡಿದು ಕೆಳಗಿಳಿಸಿದಳು.

"ಮಚ್ಚೆ ಬಲಗಾಲಲ್ಲಿ ಉಂಟು. ನಾಳೆ ಒಳ್ಳೆ ಕಾಲಿಗೆ ಸೂಜಿ ಹಾಕಿ, ಏನೂ ಇಲ್ಲ ಅಂತ ಮನೆಗೆ ಕಳಿಸ್ತಿದ್ರು."

ಆಗಲೇ ಅವಳು ತನ್ನ ದೊಡ್ಡ ಡಾಕ್ಟರಿಗೆ ಫೋನು ಮಾಡಿ, ತಪ್ಪು ತನ್ನದೆಂದು ಅಳುತ್ತಲೇ ಹೇಳಿದಳು. ಮಧ್ಯಾಹ್ನ ಇವರನ್ನು ಮತ್ತೆ ಮಲಗಿಸಿದರು. ಈ ಸಲ ಇವರು ತಾವಾಗಿಯೇ ತಲೆ ಮುಂದಾಗಿ ಮಲಗಿದರು. ಮಗಳು ಹೇಳಿದ್ದೇ ಸರಿಯಾಗಿತ್ತು. ಮರುದಿನ ಸೂಜಿ ಬಲಗಾಲಿಗೇ ಹೋಯಿತು.

ಚೂರು ಪರೀಕ್ಷೆಗೆ ಹೋಗಿದೆ, ಉತ್ತರ ಇನ್ನೂ ಬಂದಿಲ್ಲ. ಸಮಯಕ್ಕೆ ಸರಿಯಾಗಿ ಮಗಳ ಕಣ್ಣು ತೆರೆಸಿದೆಯಲ್ಲ ದೇವರೇ ಎಂದು ದೀಪ ಹಚ್ಚುತ್ತೇನೆ. ಎಡಗಾಲಿಗೇ ಚುಚ್ಚಿದ್ದರೆ ಇಷ್ಟರಲ್ಲಿ ಪಾಯಸ ಮಾಡಿ ಉಂಡಿರುತ್ತಿದ್ದೆವು ಎಂಬುದೂ ಅಲ್ಲೇ ನೆನಪಾಗುತ್ತದೆ. ಇವರು ಕುಂಟುತ್ತಲೇ ಹೋಟೆಲಿಗೆ ಹೋಗುತ್ತಾರೆ. ಫೋನು ಬಡಿದುಕೊಂಡರೆ ನಾನೂ ಮಗಳೂ ಒಬ್ಬರ ಮುಖ ಒಬ್ಬರು ನೋಡುತ್ತೇವೆ. ಎತ್ತುವುದಕ್ಕೆ ಇಬ್ಬರಿಗೂ ಕೈ ಬರುವುದಿಲ್ಲ.