ಹ್ಯಾಂಡಲ್ ಸುತ್ತಬೇಕು, ಬ್ರೇಕ್ ಹಿಡಿಯಬೇಕು

ಸೈಕಲ್ಲಿನ ಹ್ಯಾಂಡಲ್ಲನ್ನು ಒಂದು ಪೂರ್ತಿ ಸುತ್ತು ತಿರುಗಿಸಿದರೆ ಬ್ರೇಕಿನ ತಂತಿ ಅದರ ಕುತ್ತಿಗೆಗೆ ಸುತ್ತಿಕೊಳ್ಳುತ್ತದೆ. ಎರಡನೆಯ ಸುತ್ತಿಗೆ ಬಿಗಿಯುತ್ತದೆ. ಇದು ಸೈಕಲ್ ಓಡಿಸುವ ಯಾರಿಗೂ ತೊಂದರೆಯಲ್ಲ, ಏಕೆಂದರೆ ಯಾರೂ ಹ್ಯಾಂಡಲ್ಲನ್ನು ಹಾಗೆ ತಿರುಗಿಸುವುದಿಲ್ಲ. ನಮ್ಮ ಮನೆಯಲ್ಲಿ ಅದು ತೊಂದರೆಯಾಯಿತು. ನನ್ನ ಅಕ್ಕ ತಿರುಗಿಸುತ್ತಿದ್ದಳು.

ಅಕ್ಕ ಸರ್ಕಾರಿ ಕೆಲಸದ ಪರೀಕ್ಷೆ ಬರೆದು, ಆಯ್ಕೆಯಾಗಿ, ಆದೇಶಕ್ಕೆ ಕಾಯುತ್ತಿದ್ದ ಕಾಲ ಅದು. ಕಾಯುವುದೇ ಕೆಲಸವಾದಾಗ ಜನ ಏನೇನೋ ಹಿಡಿಯುತ್ತಾರೆ. ಅವಳು ಮೈಸೂರಿನಲ್ಲಿ ಯಾರೋ ಮಾರಿದ ಚಿಕ್ಕ ಗಾಲಿಯ ಸೈಕಲ್ಲೊಂದನ್ನು ಹಿಡಿದಳು. ಫೋನಿನಲ್ಲಿ ನೋಡಿ ನೋಡಿ ಅದರ ಕಸರತ್ತು ಕಲಿತಳು. ನಂಜನಗೂಡಿನಲ್ಲಿ ಕಪಿಲೆಯ ಸ್ನಾನಘಟ್ಟದ ಮೇಲೆ ಗಾಡಿ ನಿಲ್ಲಿಸುವ ಸಿಮೆಂಟ್ ನೆಲವಿದೆ. ಜನಸಂದಣಿ ಇಲ್ಲದ ಬೆಳಿಗ್ಗೆಗಳಲ್ಲಿ ಅದು ಅವಳದು. ಮುಂದಿನ ಗಾಲಿಯನ್ನು ಒಂದಿಷ್ಟು ಎತ್ತಿ, ಎರಡೂ ಕೈ ಬಿಟ್ಟು, ಹ್ಯಾಂಡಲ್ಲನ್ನು ತಳ್ಳಿ, ಅದು ಸುತ್ತು ಮುಗಿಸಿ ಬರುವಷ್ಟರಲ್ಲಿ ಮತ್ತೆ ಹಿಡಿಯಬೇಕು. ಹಿಡಿದರೆ ಉಂಟು, ಇಲ್ಲದಿದ್ದರೆ ಮಂಡಿ ತರಚುತ್ತದೆ. ನಾನು ಪತ್ರಿಕೆಗೆ ಎರಡು ತಾಲ್ಲೂಕುಗಳ ಸುದ್ದಿ ಕಳಿಸುವವನು. ಬೆಳಗಿನ ಫೋನುಗಳು ಶುರುವಾಗುವ ಮುಂಚೆ ಹೋಗಿ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದೆ. ಆ ಬೆಳಿಗ್ಗೆಗಳಲ್ಲಿ ನಾವು ಆಡಿದ ಮಾತು ನೆನಪಿಗೆ ಬರುವುದಿಲ್ಲ, ಗಾಲಿ ನೆಲಕ್ಕೆ ಬೀಳುವ ಸದ್ದು ಬರುತ್ತದೆ.

ಇಂಥ ಸೈಕಲ್ಲಿನವರು ಸಾಮಾನ್ಯವಾಗಿ ಬ್ರೇಕನ್ನೇ ತೆಗೆದುಹಾಕುತ್ತಾರೆ. ತಂತಿ ಇಲ್ಲದಿದ್ದರೆ ಸುತ್ತಿಕೊಳ್ಳುವುದೇನು? ಅಕ್ಕನೂ ಅದೇ ಮಾಡಹೊರಟಳು. ಆದರೆ ನಮ್ಮಪ್ಪ ನಂಜನಗೂಡು–ತಿ. ನರಸೀಪುರ ದಾರಿಯಲ್ಲಿ ಬಸ್ ಓಡಿಸಿ ನಿವೃತ್ತರಾದವರು. ಬೆಳಿಗ್ಗೆ ಮೊದಲ ಟ್ರಿಪ್ಪಿಗೆ ಮುಂಚೆ ಗಾಡಿಯನ್ನು ಒಂದು ಮಾರು ಮುಂದೆ ಬಿಟ್ಟು, ಬ್ರೇಕ್ ತುಳಿದು ನೋಡದೆ ಅವರು ಡಿಪೋ ಗೇಟು ದಾಟಿದವರಲ್ಲ. ನಿವೃತ್ತಿಯಾದ ಮೇಲೂ ಆ ಅಭ್ಯಾಸ ಬಿಡಲಿಲ್ಲ. ನನ್ನ ಸ್ಕೂಟರನ್ನು ನಾನು ಹತ್ತುವ ಮುಂಚೆ ಅವರು ತಳ್ಳಿ ನೋಡುತ್ತಾರೆ. ಮುಂದಿನ ಬ್ರೇಕನ್ನು ಬಿಟ್ಟುಕೊಡಲು ಅವರು ಹೇಗೋ ಒಪ್ಪಿದರು. ಹಿಂದಿನದರಲ್ಲಿ ರಾಜಿ ಇರಲಿಲ್ಲ.

"ನೀನು ಹ್ಯಾಂಡ್ಲು ತಿರುಗ್ಸು, ತಲೆ ತಿರುಗ್ಸು, ನಾ ಕೇಳಾಕಿಲ್ಲ. ಬ್ರೇಕಿಲ್ದಿರೋ ಗಾಡಿ ಈ ಬಾಗ್ಲು ದಾಟ್ಕೂಡ್ದು ಕಣವ್ವ."

ಹಾಗಾಗಿ ಹ್ಯಾಂಡಲ್ಲೂ ಸುತ್ತಬೇಕು, ಬ್ರೇಕೂ ಹಿಡಿಯಬೇಕು. ಮೊದಲು ಸುಲಭದ ದಾರಿ ಹಿಡಿದೆವು. ಉದ್ದನೆಯ ತಂತಿ ಹಾಕಿ, ಅದಕ್ಕೆ ಸಡಿಲ ಬಿಟ್ಟು, ಒಂದು ಸುತ್ತು ಸುತ್ತಿಕೊಳ್ಳಲು ಜಾಗ ಕೊಡುವುದು. ಸುತ್ತಿದ ಮೇಲೆ ಎದುರು ದಿಕ್ಕಿಗೆ ಬಿಚ್ಚಿಕೊಂಡರಾಯಿತು. ಮನೆಯಂಗಳದಲ್ಲಿ ಸೈಕಲ್ಲನ್ನು ಬೋರಲು ಹಾಕಿದೆವು. ಪಂಕ್ಚರ್ ಇರಲಿ, ಚೈನು ಇರಲಿ, ನಮ್ಮ ಕಡೆ ಸೈಕಲ್ ರಿಪೇರಿ ಎಂದರೆ ಮೊದಲು ತಲೆಕೆಳಗು ಮಾಡುವುದು. ಸೀಟು ಮತ್ತು ಹ್ಯಾಂಡಲ್ ನೆಲಕ್ಕೆ, ಗಾಲಿ ಆಕಾಶಕ್ಕೆ. ಹಾಗೇ ನಿಲ್ಲಿಸಿಕೊಂಡು ಅಳತೆ ನೋಡಿ, ಹೆಚ್ಚಾಯಿತೆನಿಸಿದ ತಂತಿಯನ್ನು ಕಟಿಂಗ್ ಪ್ಲೇಯರಿನಿಂದ ಕತ್ತರಿಸಿದೆವು. ಎತ್ತಿ ನಿಲ್ಲಿಸಿ ಹ್ಯಾಂಡಲ್ ತಿರುಗಿಸಿದರೆ ಅರ್ಧ ಸುತ್ತಿಗೇ ತಂತಿ ಬಿಗಿದು, ಲಿವರ್ ಮುಟ್ಟದೆಯೇ ಬ್ರೇಕ್ ತಾನಾಗಿ ಹಿಡಿದುಕೊಂಡಿತು.

ಜಗಲಿಯ ಮೇಲೆ ಕಾಫಿ ಕುಡಿಯುತ್ತಿದ್ದ ಅಪ್ಪ ಲೋಟ ಕೆಳಗಿಟ್ಟರು. "ಒಬ್ರು ಡಿಗ್ರಿ, ಇನ್ನೊಬ್ರು ಪೇಪರು. ಹ್ಯಾಂಡ್ಲ ಮೇಲೇ ಸೈಕಲ್ ನಿಲ್ಸ್ಕೊಂಡು ಹ್ಯಾಂಡ್ಲು ಎಷ್ಟು ತಿರುಗ್ತದೆ ಅಂತ ಅಳೀತಾವ್ರೆ."

ಅವರು ಹೇಳಿದ್ದು ಸರಿ. ತಿರುಗಬೇಕಾದ ಭಾಗವೇ ನೆಲಕ್ಕೆ ಒತ್ತಿಕೊಂಡಿತ್ತು. ಅದನ್ನು ತಿರುಗಿಸಿ ನೋಡಬೇಕೆಂದು ಇಬ್ಬರಿಗೂ ಹೊಳೆದಿರಲಿಲ್ಲ. ಅಕ್ಕ ನಕ್ಕು ನಕ್ಕು ಅಂಗಳದಲ್ಲೇ ಕೂತಳು.

ಸೈಕಲ್ಲನ್ನು ತೂಗುಹಾಕಬೇಕಿತ್ತು. ನಡುಮನೆಯ ತೊಲೆಯಲ್ಲಿ ತೊಟ್ಟಿಲು ಕಟ್ಟುವ ಕೊಕ್ಕೆಯಿತ್ತು. ನಮ್ಮಿಬ್ಬರನ್ನೂ ಅಮ್ಮ ತೂಗಿದ ಕೊಕ್ಕೆ. ಅದಕ್ಕೆ ಹಗ್ಗ ಕಟ್ಟಿ ಸೈಕಲ್ಲನ್ನು ಏರಿಸಿದೆವು. ಸೈಕಲ್ ಅಲ್ಲಿ ತೂಗಾಡುತ್ತಿದ್ದಷ್ಟು ಕಾಲ ಮನೆಗೆ ಬಂದವರೆಲ್ಲ ಅಮ್ಮನನ್ನು ಗಂಡೋ ಹೆಣ್ಣೋ ಎಂದು ಕೇಳಿ ಹೋಗುತ್ತಿದ್ದರು. ಅಮ್ಮ ಮುಖ ಸಡಿಲಿಸದೆ, ಹೆಸರಿಡುವ ದಿನ ಹೇಳಿಕಳಿಸ್ತೀವಿ ಎನ್ನುತ್ತಿದ್ದಳು.

ಅಷ್ಟರಲ್ಲಿ ಆದೇಶ ಬಂತು. ತಿ. ನರಸೀಪುರದ ಕಚೇರಿಯೊಂದರಲ್ಲಿ ಕೆಲಸ. ಮುಂದಿನ ಸೋಮವಾರವೇ ಹಾಜರಾಗಬೇಕು. ಅಲ್ಲೇ ಜೊತೆಯವಳೊಬ್ಬಳ ಜತೆ ರೂಮು. ಅಪ್ಪ ಆ ದಿನವೇ ತೀರ್ಪು ಕೊಟ್ಟರು: ಬ್ರೇಕ್ ಸರಿಯಾಗಿ ಹಿಡಿದರೆ ಸೈಕಲ್ ಅವಳ ಜೊತೆ ಹೋಗುತ್ತದೆ, ಇಲ್ಲದಿದ್ದರೆ ಇಲ್ಲೇ ಕೊಕ್ಕೆಯಲ್ಲಿರುತ್ತದೆ. ಇಲ್ಲೇ ಇದ್ದರೆ ಅವಳು ಪ್ರತಿ ಭಾನುವಾರ ಬರುತ್ತಾಳೆ ಎಂಬುದು ನನಗೆ ಗೊತ್ತಿತ್ತು. ಅಮ್ಮನ ಅಡುಗೆಗಲ್ಲ, ನಮಗಾಗಿಯೂ ಅಲ್ಲ. ಅವಳು ಸ್ನಾನಘಟ್ಟದ ಆ ನೆಲಕ್ಕೆ ಬರುತ್ತಾಳೆ, ನಾನು ಮೆಟ್ಟಿಲ ಮೇಲೆ ಇರುತ್ತೇನೆ.

ಉದ್ದ ತಂತಿಯ ಉಪಾಯ ಕೈಬಿಟ್ಟು, ಇಂಥ ಸೈಕಲ್ಲಿಗೆಂದೇ ಸಿಗುವ ತಿರುಗುವ ತಟ್ಟೆಯೊಂದನ್ನು ಅಕ್ಕ ತರಿಸಿದ್ದಳು; ಅದು ಬುಧವಾರ ಕೊರಿಯರಿನಲ್ಲಿ ಬಂತು. ಅದರ ಕೆಲಸ ಇಷ್ಟು. ಹ್ಯಾಂಡಲ್ಲಿನ ಕುತ್ತಿಗೆಗೆ ಎರಡು ತೆಳು ತಟ್ಟೆಗಳು, ನಡುವೆ ಸಣ್ಣ ಗುಂಡುಗಳ ಬೇರಿಂಗು. ಮೇಲಿನದು ಹ್ಯಾಂಡಲ್ಲಿನ ಜೊತೆ ಸುತ್ತುತ್ತದೆ, ಕೆಳಗಿನದು ಸುತ್ತುವುದಿಲ್ಲ. ಲಿವರ್ ಎಳೆದರೆ ಎರಡೂ ಒಟ್ಟಿಗೆ ಮೇಲೇಳುತ್ತವೆ, ಕೆಳಗಿನ ತಟ್ಟೆಯಿಂದ ಹೊರಟ ತಂತಿ ಹಿಂದಿನ ಬ್ರೇಕನ್ನು ಎಳೆಯುತ್ತದೆ. ಎಷ್ಟು ಸುತ್ತು ಬೇಕಾದರೂ ಹಾಕಬಹುದು, ತಂತಿ ಸುತ್ತಿಕೊಳ್ಳುವುದಿಲ್ಲ. ಆದರೆ ಎಡಕ್ಕೂ ಬಲಕ್ಕೂ ಒಂದೊಂದು ತಂತಿ, ಎರಡೂ ಸಮನಾಗಿ ಬಿಗಿದಿರಬೇಕು. ಒಂದು ಕಡೆ ಹೆಚ್ಚಾದರೆ ತಟ್ಟೆ ವಾಲುತ್ತದೆ, ಕುಲುಕುತ್ತದೆ, ಎಳೆತವೆಲ್ಲ ಆ ವಾಲಿಕೆಯಲ್ಲೇ ಸೋರಿಹೋಗುತ್ತದೆ.

ತೂಗುತ್ತಿದ್ದ ಸೈಕಲ್ಲಿನ ಮುಂದೆ ಅಕ್ಕ ಸ್ಪ್ಯಾನರ್ ಹಿಡಿದು ನಿಲ್ಲುವುದು, ನಾನು ತಟ್ಟೆಯ ಮಟ್ಟಕ್ಕೆ ಕಣ್ಣಿಟ್ಟು ನೋಡಿ ಹೇಳುವುದು. ಅವಳು ಹ್ಯಾಂಡಲ್ ತಿರುಗಿಸಿಬಿಡುತ್ತಿದ್ದಳು. ಅದು ನಡುಮನೆಯ ಗಾಳಿಯಲ್ಲಿ ಸುತ್ತಿ ಸುತ್ತಿ ನಿಲ್ಲುತ್ತಿತ್ತು. ಎಡಕ್ಕೆ ಒಂದು ಚೂರು ಎಂದರೆ, ಚೂರು ಅಂದರೆ ಎಷ್ಟು, ಪೇಪರಿನವರ ಚೂರೋ ನಮ್ಮ ಚೂರೋ ಎಂದು ರೇಗಿಸುತ್ತಿದ್ದಳು. ಗುರುವಾರವೂ ಶುಕ್ರವಾರವೂ ಸಂಜೆಗಳೆಲ್ಲ ಹೀಗೇ ಹೋದವು. ಅವು ಇನ್ನೂ ಉದ್ದವಾಗಿರಬೇಕಿತ್ತು ಎಂದು ಈಗ ಅನಿಸುತ್ತದೆ. ಆಗಲೂ ಅನಿಸುತ್ತಿತ್ತು.

ಶನಿವಾರ ಮಧ್ಯಾಹ್ನ ಅಪ್ಪ ಪರೀಕ್ಷೆಗೆ ಇಳಿದರು. ನಮ್ಮ ಬೀದಿ ಹೊಳೆಯ ಕಡೆಗೆ ಇಳಿಜಾರು. ಲಿವರ್ ಅದುಮಿ ಹಿಡಿದು ಸೈಕಲ್ಲನ್ನು ಮುಂದಕ್ಕೆ ತಳ್ಳಿದರು. ಗಾಲಿ ತಡೆಯಿತು, ಮತ್ತೆ ನಿಧಾನವಾಗಿ ಉರುಳಿತು.

"ಇದು ಬ್ರೇಕಲ್ಲ ಕಣವ್ವ, ಆಶ್ವಾಸನೆ," ಎಂದರು. "ನಾಳೆ ನಿಲ್ತೀನಿ ಅಂತದೆ."

ಅಕ್ಕ ಸೈಕಲ್ಲನ್ನು ಒಳಗೆ ತಂದು ಕೊಕ್ಕೆಗೆ ಏರಿಸಿ, ಗೋಡೆಗೆ ಒರಗಿ ಕೂತಳು. ಇಲ್ಲೇ ಇರಲಿ ಬಿಡು ಎಂದಳು. ನಾನು ಸುಮ್ಮನೆ ಲಿವರ್ ಎಳೆದು ಬಿಟ್ಟು ನೋಡುತ್ತಿದ್ದೆ. ಆಗ ಕಂಡಿತು. ಬಲಗಡೆಯ ತಂತಿಯ ಕಪ್ಪು ಹೊದಿಕೆಯ ತುದಿ ಅದರ ಗೂಡಿನಲ್ಲಿ ಪೂರ್ತಿ ಕೂತಿರಲಿಲ್ಲ. ಪ್ರತಿ ಸಲ ಎಳೆದಾಗಲೂ ತುಸು ಒಳಗೆ ಜಾರಿ, ಬಿಟ್ಟಾಗ ಹೊರಗೆ ಬರುತ್ತಿತ್ತು. ಕಂಡದ್ದನ್ನು ಕಂಡ ತಕ್ಷಣ ಹೇಳಿಬಿಡುವುದು ನನ್ನ ವೃತ್ತಿಯ ಅಭ್ಯಾಸ. ಹೇಳಿಬಿಟ್ಟೆ. ಅವಳು ಎದ್ದು ಬರುವಷ್ಟರಲ್ಲಿ, ಹೇಳಿದ್ದರಿಂದ ಏನಾಗುತ್ತದೆ ಎಂಬುದೂ ನನಗೆ ತಿಳಿಯಿತು.

ತುದಿಯನ್ನು ನೇರವಾಗಿ ಕತ್ತರಿಸಿ, ಗೂಡಿಗೆ ಕೂರಿಸಿ, ಎರಡೂ ಕಡೆ ಮತ್ತೆ ಸಮ ಮಾಡಿದೆವು. ಈ ಸಲ ಅಪ್ಪ ತಳ್ಳಿದಾಗ ಹಿಂದಿನ ಗಾಲಿ ಉರುಳಲಿಲ್ಲ, ಬೀದಿಯ ಕಲ್ಲುಹಾಸಿನ ಮೇಲೆ ಜಾರಿ ಗೆರೆ ಎಳೆಯಿತು. ಅವರು ಬಗ್ಗಿ ಆ ಗೆರೆ ನೋಡಿದರು.

"ಓಗ್ಲಿ," ಎಂದರು.

ಸೋಮವಾರ ಸೈಕಲ್ ಬಸ್ಸಿನಲ್ಲೇ ಹೋಯಿತು. ಅಪ್ಪನ ಹಳೆಯ ಸಹೋದ್ಯೋಗಿಯೇ ಚಾಲಕರು. ಅಕ್ಕ ಮೊದಲ ಭಾನುವಾರ ಬಂದಳು, ಎರಡನೆಯದಕ್ಕೆ ಬರಲಿಲ್ಲ. ಆಮೇಲೆ ವಿಡಿಯೋಗಳು ಬಂದವು. ನಾನು ಪ್ರತಿಯೊಂದನ್ನೂ ನಿಲ್ಲಿಸಿ ನಿಲ್ಲಿಸಿ ನೋಡುತ್ತಿದ್ದೆ. ಅವಳ ಮುಖವನ್ನಲ್ಲ, ತಟ್ಟೆ ವಾಲಿದೆಯೇ ಎಂದು. ವಾಲಿದ್ದರೆ ಫೋನು ಮಾಡಲು ಒಂದು ಕಾರಣ ಸಿಗುತ್ತಿತ್ತು.

ಮಳೆಗಾಲ ಮುಗಿದ ಮೇಲೆ ತಿ. ನರಸೀಪುರದಲ್ಲಿ ಒಂದು ಸಭೆಯ ವರದಿಗೆ ಹೋದೆ. ಸಂಜೆ ಅಕ್ಕ ಅಕ್ಕಿ ಗಿರಣಿಯೊಂದರ ಹಿಂದಕ್ಕೆ ಕರೆದೊಯ್ದಳು. ಭತ್ತ ಒಣಗಿಸುವ ಸಿಮೆಂಟ್ ಕಣ, ನಮ್ಮ ಸ್ನಾನಘಟ್ಟದ ಮೇಲಿನ ನೆಲಕ್ಕಿಂತ ಎಷ್ಟೋ ದೊಡ್ಡದು, ಎಲ್ಲೂ ಒಂದು ಬಿರುಕಿಲ್ಲ. ಸುಗ್ಗಿಯಿಲ್ಲದ ದಿನಗಳಲ್ಲಿ ಗಿರಣಿಯವರು ಅವಳಿಗೆ ಬಿಟ್ಟುಕೊಟ್ಟಿದ್ದರು. ಅವಳು ದೂರದಿಂದ ಬಂದು, ಕೈಬಿಟ್ಟು, ಎರಡು ಸುತ್ತು ಸುತ್ತಿಸಿ ಹಿಡಿದಳು. ನನ್ನ ಕಾಲಿನ ಹತ್ತಿರ ಬ್ರೇಕ್ ಹಾಕಿ ನಿಂತಳು. ವಿಡಿಯೋಗಳಲ್ಲೆಲ್ಲ ಒಂದೇ ಸುತ್ತಿತ್ತು, ಅದು ಎರಡಾದದ್ದು ನನಗೆ ಗೊತ್ತಿರಲಿಲ್ಲ.

ನಾನು ಬಗ್ಗಿ ನೋಡಿದೆ. ತಟ್ಟೆ ನೀರಿನಂತೆ ಮಟ್ಟವಾಗಿತ್ತು. ಯಾರು ಸರಿಮಾಡಿಕೊಟ್ಟರೆಂದು ಕೇಳಿದೆ.

"ನಾನೇ ಕಣೋ. ಬೇವಿನ ಮರಕ್ಕೆ ನೇತಾಕಂತೀನಿ. ಕಣ್ಣಿಟ್ಟು ನೋಡೋಕೆ ಫೋನು ಸಾಕು."

ಒಳ್ಳೆಯದಾಯಿತು ಎಂದೆ. ಒಳ್ಳೆಯದೇ ಆಗಿತ್ತು. ಊರಿಗೆ ಯಾವಾಗ ಬರುತ್ತೀಯ ಎಂದು ಕೇಳಿದೆ. ಅವಳು ಕಣದ ಕಡೆ ನೋಡಿ, ಬೆರಳು ಮಡಿಸಿ ಲೆಕ್ಕ ಹಾಕಿದಳು.

"ಸುಗ್ಗೀಲಿ ಇಲ್ಲೆಲ್ಲ ಭತ್ತ ಅರವ್ತಾರೆ. ಆಗ ಜಾಗ ಇರಾಕಿಲ್ಲ. ಆಗ ಬತ್ತೀನಿ, ಪ್ರತಿ ಭಾನ್ವಾರ."

ಮರುದಿನ ಕಚೇರಿಗೆ ಫೋನು ಮಾಡಿ, ಈ ಸಲದ ಭತ್ತದ ಕಟಾವಿನ ಸುದ್ದಿ ನಾನೇ ಬರೆಯುತ್ತೇನೆ ಎಂದು ಕೇಳಿ ಪಡೆದೆ. ಬನ್ನೂರು ಕಡೆಯೆಲ್ಲ ಸುತ್ತಿದೆ, ರೈತರನ್ನು ಮಾತಾಡಿಸಿದೆ. ಆ ವರ್ಷ ನಾಲೆಗೆ ನೀರು ಬಿಟ್ಟದ್ದು ತಡವಾಯಿತು, ನಾಟಿಯೂ ತಡವಾಯಿತು, ಕಟಾವಿಗೆ ಇನ್ನೂ ದಿನ ಹಿಡಿಯುತ್ತದೆ ಎಂದರು. ಬಂದದ್ದನ್ನು ಬಂದಂತೆ ಬರೆದು ಕಳಿಸಿದೆ. ಹಿಂದಿರುಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಿದ್ದೆ. ದಾರಿಯುದ್ದಕ್ಕೂ ಪೈರು ಹಸಿರಾಗಿ ನಿಂತಿತ್ತು, ತೆನೆ ಇನ್ನೂ ಬಾಗಿರಲಿಲ್ಲ.