ಸ್ಪಿತಿಗೆ ಹೋಗಿ ಬಂದ ಗೆಳತಿ

ಶಹಾಬಾದಿನ ನರ್ಸ್ ನಾಗರತ್ನಾ ಮತ್ತು ಗೆಳತಿ ಭಾಗ್ಯ ಪ್ರತಿ ರವಿವಾರ ಬೆಳಿಗ್ಗೆ ಪರ್ಸಿ ಕಲ್ಲಿನ ಗಣಿಗಳ ಕಚ್ಚಾ ಹಾದಿಯಲ್ಲಿ ಸೈಕಲ್ ಹೊಡೆಯುತ್ತಿದ್ದರು. ಏರು ಬಂದರೆ ಯಾವಾಗಲೂ ನಾಗರತ್ನಾಳೇ ಮುಂದೆ. ಆದರೆ ಹಿಮಾಲಯದ ಸ್ಪಿತಿ ಕಣಿವೆಯ ಜಲ್ಲಿ ಹಾದಿಗಳಲ್ಲಿ ಸೈಕಲ್ ಓಡಿಸಲು ಹೋದವಳು ಭಾಗ್ಯ. ನಾಗರತ್ನಾಳಿಗೆ ರಜೆ ಸಿಗಲಿಲ್ಲ. ಗೆಳತಿ ಕಳಿಸಿದ ಫೋಟೊಗಳನ್ನು ಆಕೆ ತೆರೆದೂ ನೋಡಲಿಲ್ಲ.

ತಿರುಗಿ ಬಂದ ಭಾಗ್ಯ ಚಹಾ ಕುಡಿಯುತ್ತ ಹೇಳಿದಳು: “ಉಸಿರು ಕಟ್ಟಿತವ್ವ. ಅರ್ಧಕ್ಕೇ ಜೀಪಿನ್ಯಾಗ ಕುಂದ್ರಿಸಿ ಕೆಳಗ ಇಳಿಸಿದ್ರು.”

ನಾಗರತ್ನಾಳ ಹೊಟ್ಟೆ ತಣ್ಣಗಾಯಿತು. “ಅಯ್ಯ, ಪಾಪ!” ಎಂದಳು.

“ಆದ್ರ ಆ ಹಾದಿ ಮ್ಯಾಲ ಮೋಡದ ನೆರಳು ಓಡತಾವ. ಅವುಗಳ ಬೆನ್ನು ಹತ್ತಿ ಸೈಕಲ್ ಹೊಡದೆ ನೋಡು, ಭಾಳ ಚಂದ!”

ಆರಿದ ಉರಿ ಮತ್ತೆ ಎದ್ದಿತು.

“ಯಾವ ತಿಂಗಳದಾಗ ಹೋಗಬೇಕು?” ಎಂದಳು ನಾಗರತ್ನಾ.

“ಜುಲೈದಾಗ. ಇಬ್ಬರೂ ಕೂಡೇ ಹೋಗಮು?”

“ಬ್ಯಾಡ. ನಾ ಒಬ್ಬಾಕಿನೇ ಹೋಗತೀನಿ.”